ಫಿಫ್ಟೀನಾ, ಫಿಫ್ಟಿಯಾ?

ಸಂಪಾದಕರಿಗೆ,

ಮಾನ್ಯರೇ,

ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ಇಂಗ್ಲಿಷೇ ಬರುವುದಿಲ್ಲ ಅನ್ನೋ ಗೊಣಗಾಟ ನಿಮ್ಮ ಪತ್ರಿಕೆಯಲ್ಲಿ ಆಗಾಗ ಕಾಣುತ್ತದೆ. ಹೊಸಬರಿಗೆ ಕೆಲಸ ಕಲಿಸುವುದೇ ನನ್ನ ಕೆಲಸ. ನಾನು ಕಂಡಿದ್ದು ಸ್ವಲ್ಪ ಬೇರೆ.

ಈಚೆಗೆ ಒಬ್ಬ ಹುಡುಗ ಫೋನಿನಲ್ಲಿ ಆರ್ಡರ್ ಬರೆದುಕೊಂಡ. ಆ ಕಡೆಯವರು ಕೇಳಿದ್ದು ಫಿಫ್ಟೀನ್ ಬಾಕ್ಸ್. ಇವನು ಬರೆದದ್ದು 50. ಮೂವತ್ತೈದು ಬಾಕ್ಸ್ ಹಾಗೇ ವಾಪಸ್ ಬಂದವು. ಹುಡುಗ ದಡ್ಡನೇನಲ್ಲ. ಡೈರೆಕ್ಟ್ ಸ್ಪೀಚ್ ಕೊಟ್ಟು ಇನ್‌ಡೈರೆಕ್ಟ್ ಮಾಡಪ್ಪಾ ಅಂದರೆ ಸಲೀಸಾಗಿ ಮಾಡುತ್ತಾನೆ, ನಾನೇ ಕೂರಿಸಿ ನೋಡಿದೆ. ಆದರೆ ಫೋನಿನಲ್ಲಿ ಒಬ್ಬರು ಅಂದದ್ದನ್ನು ಇನ್ನೊಬ್ಬರಿಗೆ ಬರೆದು ತಿಳಿಸುವುದೂ ಅದೇ ಪಾಠ ಅಂತ ಅವನಿಗೆ ಯಾರೂ ಹೇಳಿರಲೇ ಇಲ್ಲ. ಯಾರು ಮಾಡಿದ್ದು, ಎಷ್ಟು ಹೊತ್ತಿಗೆ, ಏನು ಬೇಕಂತೆ, ತಿರುಗಿ ಫೋನ್ ಮಾಡಬೇಕಾ. ನಾಲ್ಕು ಸಾಲು. ಸಂಖ್ಯೆಯನ್ನು ಮಾತ್ರ ‘ಒನ್ ಫೈವ್, ಅಲ್ವಾ?’ ಅಂತ ಒಂದು ಸಲ ಕೇಳಿ ಖಾತ್ರಿ ಮಾಡಿಕೊಳ್ಳಬೇಕು.

ಬಿಟ್ಟ ಸ್ಥಳ ತುಂಬುವ ಕಥೆಯೂ ಇದೇ. ‘ಬೈ’ ಮತ್ತು ‘ಟಿಲ್’ ಹಾಕಿ ಅಂಕ ಗಿಟ್ಟಿಸುತ್ತಾರೆ. ‘ಬೈ ಫ್ರೈಡೇ’ ಕೊಡಿ ಅಂತ ಮೇಲ್ ಬಂದರೆ ಶುಕ್ರವಾರದವರೆಗೂ ಸುಮ್ನೆ ಇಟ್ಟುಕೊಂಡು, ಶನಿವಾರ ತಂದು ಕೊಡುತ್ತಾರೆ. ‘ಬೈ’ ಅಂದರೆ ಶುಕ್ರವಾರದ ಒಳಗೆ, ‘ಟಿಲ್’ ಅಂದರೆ ಶುಕ್ರವಾರದವರೆಗೆ. ಕನ್ನಡದಲ್ಲಿ ಇದನ್ನು ಯಾರಾದರೂ ತಪ್ಪುತ್ತಾರಾ? ಪಾಠವನ್ನು ಅಲ್ಲಿಂದಲೇ ಶುರುಮಾಡಿದರೆ ಐದು ನಿಮಿಷದ ಮಾತು. ಇಂಗ್ಲಿಷ್ ತರಗತಿಯಲ್ಲಿ ಕನ್ನಡ ಆಡಬಾರದು ಅನ್ನುವ ನಿಯಮದಿಂದ ಇಲ್ಲಿ ನಷ್ಟವೇ ಜಾಸ್ತಿ.

ತಾರೀಕೂ ಹಾಗೇ. 04/05 ಅಂದರೆ ಬ್ರಿಟಿಷರಿಗೆ ಮೇ 4, ಅಮೆರಿಕದವರಿಗೆ ಏಪ್ರಿಲ್ 5. ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆದರೆ ಗೊಂದಲವೇ ಇರುವುದಿಲ್ಲ.

ಇದನ್ನೆಲ್ಲ ದೊಡ್ಡ ತರಬೇತಿ ಅಂದುಕೊಳ್ಳಬೇಡಿ. ಕೌನ್ಸಿಲ್ ಆಫ್ ಯುರೋಪ್ 2001ರಲ್ಲಿ ಭಾಷೆ ಕಲಿಯುವವರಿಗಾಗಿ ಎ1ರಿಂದ ಸಿ2ರವರೆಗೆ ಆರು ಮೆಟ್ಟಿಲಿನ ಅಳತೆ ಪ್ರಕಟಿಸಿತು. ಈ ಭಾಷೆಯಲ್ಲಿ ನೀವು ಏನೇನು ಮಾಡಬಲ್ಲಿರಿ ಅನ್ನುವುದೇ ಅದರ ಲೆಕ್ಕ. ಫಾರಂನಲ್ಲಿ ಹೆಸರು, ವಿಳಾಸ ತುಂಬುವುದು ಎ1. ಸಣ್ಣ ಚೀಟಿ, ಸಂದೇಶ ಬರೆಯುವುದು ಎ2. ಅಂದರೆ ಕೆಳಗಿನಿಂದ ಎರಡನೇ ಮೆಟ್ಟಿಲು! ಪುಟಗಟ್ಟಲೆ ಪ್ರಬಂಧ ಬಾಯಿಪಾಠ ಮಾಡಿ ಬಂದವರು ಎಡವುವುದು ಇಲ್ಲೇ.

ಮೇಷ್ಟ್ರನ್ನು ದೂರುತ್ತಿಲ್ಲ. ಪರೀಕ್ಷೆಯಲ್ಲಿ ಕೇಳಿದ್ದನ್ನು ಅವರು ಕಲಿಸುತ್ತಾರೆ, ಅಷ್ಟೇ. ಹಾಗಾಗಿ ನನ್ನ ಕೋರಿಕೆ ಪ್ರಶ್ನೆಪತ್ರಿಕೆ ತಯಾರಿಸುವವರಿಗೆ. ಪ್ರಬಂಧ ಇರಲಿ. ಅದರ ಪಕ್ಕದಲ್ಲಿ ಒಂದು ಫೋನ್ ಮಾತುಕತೆ ಕೊಟ್ಟು, ಮನೆಯಲ್ಲಿಲ್ಲದವರಿಗೆ ನಾಲ್ಕು ಸಾಲಿನ ಚೀಟಿ ಬರೆಯಿರಿ ಅಂತ ಕೇಳಿ. ಐದು ಅಂಕ ಸಾಕು. ಅದರಲ್ಲಿ ಎರಡು ಅಂಕ ಸಂಖ್ಯೆ, ತಾರೀಕು ಸರಿಯಾಗಿ ಬರೆದದ್ದಕ್ಕೇ ಮೀಸಲಾಗಿರಲಿ.

ಇಂತಿ,
ಒಬ್ಬ ಓದುಗ