ಕ್ಯೂಆರ್ ಚೀಟಿ ಕಿತ್ತರೆ ತೆರಿಗೆ ತಪ್ಪದು, ಹೆಚ್ಚುತ್ತದೆ

ಮಾನ್ಯ ಸಂಪಾದಕರೇ,

2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಯ ಲೆಕ್ಕ ಹಿಡಿದು ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕೊಟ್ಟಾಗ ಹುಟ್ಟಿದ ಹೆದರಿಕೆ ಇನ್ನೂ ಪೂರ್ತಿ ಇಳಿದಿಲ್ಲ. ಬಳ್ಳಾರಿಯ ಬೆಂಗಳೂರು ರಸ್ತೆ, ಕೌಲ್ ಬಜಾರ್ ಕಡೆ ‘ಕ್ಯಾಶ್ ಕೊಡ್ರಿ, ಫೋನ್‌ಪೇ ಬ್ಯಾಡ’ ಎನ್ನುವ ಅಂಗಡಿಗಳು ಈಗಲೂ ಸಿಗುತ್ತವೆ. ತೆರಿಗೆಯಿಂದ ಪಾರಾಗಲು ಮಾಡುವ ಈ ಕೆಲಸ ವ್ಯಾಪಾರಿಯ ಕೈಯನ್ನೇ ಸುಡುತ್ತಿದೆ. ಲೆಕ್ಕ ಬರೆಯುವವರು ಇದನ್ನು ಅಂಕಿ ಇಟ್ಟು ಹೇಳಬೇಕಾದ ಹೊತ್ತು ಇದು.

ಆದಾಯ ತೆರಿಗೆಯಲ್ಲಿ 44ಎಡಿ ಎಂದೇ ಎಲ್ಲರ ಬಾಯಲ್ಲಿರುವ ಅಂದಾಜು ಲಾಭದ ಪದ್ಧತಿ ಇದೆ. ವರ್ಷದ ವಹಿವಾಟು 2 ಕೋಟಿ ರೂಪಾಯಿ ಮೀರದಿದ್ದರೆ ಖರ್ಚಿನ ಪೂರ್ತಿ ಪುಸ್ತಕ ಬೇಡ, ಆಡಿಟ್ ಬೇಡ. ನಗದಾಗಿ ಬಂದ ಮಾರಾಟದ ಮೇಲೆ ಶೇ 8, ಯುಪಿಐ, ಚೆಕ್, ಬ್ಯಾಂಕ್ ವರ್ಗಾವಣೆಯಲ್ಲಿ ಬಂದದ್ದರ ಮೇಲೆ ಶೇ 6 ಲಾಭ ತೋರಿಸಿದರೆ ಸಾಕು. ನಿಜವಾದ ಲಾಭ ಅದಕ್ಕಿಂತ ಹೆಚ್ಚಿದ್ದರೆ ಹೆಚ್ಚಿನದನ್ನೇ ತೋರಿಸಬೇಕು. ನಗದು ವಸೂಲಿ ಒಟ್ಟು ವಸೂಲಿಯ ಶೇ 5ರೊಳಗಿದ್ದರೆ ಮಿತಿ 3 ಕೋಟಿಗೆ ಏರುತ್ತದೆ.

ಜೀನ್ಸ್ ಪ್ಯಾಂಟ್ ಸಗಟು ಮಾರುವ ಒಂದು ಅಂಗಡಿ ತೆಗೆದುಕೊಳ್ಳಿ. ವಹಿವಾಟು 2 ಕೋಟಿ, ಬೇರೆ ಆದಾಯ ಇಲ್ಲ. ಪೂರ್ತಿ ನಗದಾದರೆ ಶೇ 8ರಂತೆ ಲಾಭ 16 ಲಕ್ಷ. 2025-26ರಿಂದ ಬಂದಿರುವ ಹೊಸ ಪದ್ಧತಿಯ ದರಗಳಲ್ಲಿ ಸೆಸ್ ಸೇರಿ ತೆರಿಗೆ 1,24,800 ರೂಪಾಯಿ. ಅದೇ ದುಡ್ಡು ಪೂರ್ತಿ ಬ್ಯಾಂಕಿನ ಮೂಲಕ ಬಂದರೆ ಶೇ 6ರಂತೆ 12 ಲಕ್ಷ. 12 ಲಕ್ಷದವರೆಗಿನ ಆದಾಯಕ್ಕೆ ರಿಯಾಯಿತಿ ಇರುವುದರಿಂದ ತೆರಿಗೆ ಸೊನ್ನೆ. ಅದೇ ಅಂಗಡಿ, ಅದೇ ಮಾಲು, ಗಲ್ಲಾ ಒಂದೇ ಬೇರೆ. ಮಾರ್ಚ್ ಕೊನೆಗೆ ಉದ್ರಿ ಉಳಿದಿದ್ದರೂ ರಿಟರ್ನ್ ಸಲ್ಲಿಸುವ ಕಡೇ ದಿನದೊಳಗೆ ಅದು ಬ್ಯಾಂಕಿಗೆ ಬಂದರೆ ಶೇ 6ರ ಲೆಕ್ಕವೇ. ಹಾಗಾಗಿ ಉದ್ರಿ ವಸೂಲಿಗೆ ಹೋದವರು ನೋಟು ಎಣಿಸಿಕೊಂಡು ಬರುವ ಬದಲು ಖಾತೆಗೆ ಹಾಕಿಸಿಕೊಳ್ಳಲಿ.

ನಗದಿನಲ್ಲಿ ಇನ್ನೊಂದು ಗುಂಡಿ ಇದೆ. ಒಬ್ಬರಿಂದ ಒಂದೇ ದಿನ, ಇಲ್ಲವೇ ಒಂದೇ ವ್ಯವಹಾರಕ್ಕೆ, 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಂಡರೆ ತೆಗೆದುಕೊಂಡಷ್ಟೇ ದಂಡ ಬೀಳಬಹುದು. ಆ ದಂಡ ಕೊಟ್ಟವನಿಗಲ್ಲ, ಪಡೆದವನಿಗೆ.

ಈ ಪದ್ಧತಿ ಎಲ್ಲರಿಗೂ ಇಲ್ಲ. ಕಮಿಷನ್, ದಲ್ಲಾಳಿ, ಏಜೆನ್ಸಿ ಆದಾಯಕ್ಕೆ 44ಎಡಿ ಅನ್ವಯಿಸದು. ರಾಯಚೂರು, ಬಳ್ಳಾರಿ ಎಪಿಎಂಸಿ ದಲಾಲಿ ಅಂಗಡಿಯವರು ಇಲ್ಲೇ ಎಡವುತ್ತಾರೆ. ಅವರು ಕಿರ್ದಿ, ಖಾತಾವಣಿ ಇಟ್ಟು ನಿಜವಾದ ಲಾಭವನ್ನೇ ತೋರಿಸಬೇಕು. ಒಂದು ವರ್ಷ 44ಎಡಿ ಹಿಡಿದು, ಮುಂದಿನ ಐದು ವರ್ಷದೊಳಗೆ ‘ಈ ಸಲ ಲಾಭ ಕಡಿಮೆ’ ಎಂದು ಬಿಟ್ಟರೆ, ಆಮೇಲೆ ಐದು ವರ್ಷ ಆ ಬಾಗಿಲು ಮುಚ್ಚುತ್ತದೆ. ಆದಾಯ ತೆರಿಗೆಯ ಮೂಲ ವಿನಾಯಿತಿ ಮಿತಿ ದಾಟಿದ್ದರೆ ಆಡಿಟ್ ಖರ್ಚೂ ಮೈಮೇಲೆ. ಇನ್ನು 44ಎಡಿ ಹಿಡಿದವರ ತೆರಿಗೆ 10,000 ರೂಪಾಯಿ ಮುಟ್ಟುವಂತಿದ್ದರೆ ಮುಂಗಡ ತೆರಿಗೆಯನ್ನು ಮಾರ್ಚ್ 15ರೊಳಗೆ ಒಂದೇ ಕಂತಿನಲ್ಲಿ ಕಟ್ಟಬೇಕು. ಅದನ್ನು ಮರೆತು ಬಡ್ಡಿ ತೆತ್ತವರು ಬಹಳ.

ಜಿಎಸ್‌ಟಿ ಮಾತಿಗೆ ಬರೋಣ. ವರ್ಷದ ವಹಿವಾಟು ಸರಕಿಗೆ 40 ಲಕ್ಷ, ಸೇವೆಗೆ 20 ಲಕ್ಷ ದಾಟಿದರೆ ನೋಂದಣಿ. ತರಕಾರಿ, ಬಿಡಿ ಜೋಳ, ಬಿಡಿ ಅಕ್ಕಿಯಂಥ ತೆರಿಗೆ ಇಲ್ಲದ ಮಾಲು ಮಾತ್ರ ಮಾರುವವರಿಗೆ ಎಷ್ಟೇ ವಹಿವಾಟಾದರೂ ನೋಂದಣಿ ಬೇಡ. ಆದರೆ ಜೊತೆಗೆ ಸಾಬೂನು, ಬಿಸ್ಕತ್ತು ಇಟ್ಟಿರೋ, ಎರಡೂ ಕೂಡಿಸಿ 40 ಲಕ್ಷ ನೋಡುತ್ತಾರೆ. 30 ಲಕ್ಷದ ಬಿಡಿ ಕಾಳುಕಡಿ, 12 ಲಕ್ಷದ ಸಾಬೂನು-ಬಿಸ್ಕತ್ತು ಮಾರಿದ ಕಿರಾಣಿಯವರು ನೋಂದಾಯಿಸಲೇಬೇಕು. ಹೆದರಬೇಕಿಲ್ಲ. ಒಂದೂವರೆ ಕೋಟಿವರೆಗೆ, ವಹಿವಾಟಿನ ಮೇಲೆ ಸಣ್ಣ ದರದಲ್ಲಿ ಜಿಎಸ್‌ಟಿ ಕಟ್ಟುವ ಕಾಂಪೊಸಿಷನ್ ಪದ್ಧತಿ ಇದೆ. ಇಂಥ ವರ್ತಕರಿಗೆ ಶೇ 1, ಅದೂ ತೆರಿಗೆ ಬೀಳುವ 12 ಲಕ್ಷಕ್ಕೆ ಮಾತ್ರ. ವರ್ಷಕ್ಕೆ 12,000, ಮೂರು ತಿಂಗಳಿಗೆ 3,000. ತೆರಿಗೆ ಕಟ್ಟುವ ಸಿಎಂಪಿ-08 ನಮೂನೆಯನ್ನು ಪ್ರತಿ ಮೂರು ತಿಂಗಳು ಮುಗಿದ ಮರುತಿಂಗಳ 18ರೊಳಗೆ ಸಲ್ಲಿಸಬೇಕು. ಗಿರಾಕಿಯಿಂದ ತೆರಿಗೆ ವಸೂಲಿ ಮಾಡುವಂತಿಲ್ಲ, ಖರೀದಿಯ ತೆರಿಗೆ ವಾಪಸ್ ಇಲ್ಲ.

ಬಳ್ಳಾರಿಯವರು ಒಂದು ಮಾತು ನೆನಪಿಡಬೇಕು: ಗಡಿ ಹತ್ತಿರ. ತೆರಿಗೆ ಇರುವ ಮಾಲನ್ನು ಗುಂತಕಲ್ಲಿಗೋ ಆದೋನಿಗೋ ಕಳಿಸಿದರೆ ಅದು ಹೊರರಾಜ್ಯದ ವ್ಯಾಪಾರ. ಕಾಂಪೊಸಿಷನ್‌ನವರು ಅದನ್ನು ಮಾಡುವಂತಿಲ್ಲ, ನೋಂದಣಿ ಇಲ್ಲದವರಿಗೆ 40 ಲಕ್ಷದ ವಿನಾಯಿತಿ ಅಲ್ಲಿ ಸಿಗದು. ಜೀನ್ಸ್ ಹೊಲಿದು ಆಂಧ್ರಕ್ಕೆ ಲಾರಿ ಹಾಕುವವರಿಗೆ ಸಾಮಾನ್ಯ ನೋಂದಣಿಯೇ ದಾರಿ.

ನೋಟಿಸಿನ ಬೇರು ಬಹುಪಾಲು ಖಾತೆ ಬೆರೆಸುವುದರಲ್ಲಿದೆ. ಅಂಗಡಿ ಕ್ಯೂಆರ್‌ಗೆ ಅಳಿಯನ ಕೈಗಡ, ಚೀಟಿ ಹಣ, ಹೊಲದ ಗುತ್ತಿಗೆ ಎಲ್ಲವೂ ಬಂದು ಬೀಳುತ್ತವೆ. ಒಟ್ಟು ಜಮೆ ನೋಡಿದವರಿಗೆ ಅಷ್ಟೂ ಮಾರಾಟದಂತೆ ಕಾಣುತ್ತದೆ. ವ್ಯಾಪಾರಕ್ಕೆ ಒಂದು ಕರೆಂಟ್ ಖಾತೆ ತೆರೆದು ಕ್ಯೂಆರ್ ಅದಕ್ಕೆ ಮಾತ್ರ ಜೋಡಿಸಿ, ಮನೆ ಖರ್ಚಿಗೆ ತಿಂಗಳಿಗೊಮ್ಮೆ ಒಂದು ಮೊತ್ತ ವರ್ಗಾಯಿಸಿಕೊಳ್ಳಿ. ಸಂಜೆ ಗಲ್ಲಾ ಎಣಿಸುವಾಗ ಯುಪಿಐ ಎಷ್ಟು, ನಗದು ಎಷ್ಟು, ಉದ್ರಿ ಎಷ್ಟು ಎಂದು ಕಿರ್ದಿಯಲ್ಲಿ ಮೂರು ಸಾಲು ಬರೆದರೆ ಸಾಕು. ಮಗನ ಹೆಸರಲ್ಲಿ, ಹೆಂಡತಿ ಹೆಸರಲ್ಲಿ ಒಂದೊಂದು ಕ್ಯೂಆರ್ ಹಾಕಿ ಜಮೆ ಹಂಚುವುದು ಬಹಳ ಕೆಟ್ಟ ಸಲಹೆ. ವ್ಯಾಪಾರ ಯಾರದೋ ವಹಿವಾಟೂ ಅವರದೇ; ಅಂಗಡಿಯನ್ನೇ ಕಾಣದ ಮಗ ತನ್ನ ಪ್ಯಾನ್‌ಗೆ ಬಂದ ನೋಟಿಸಿಗೆ ಉತ್ತರ ಕೊಡಬೇಕಾಗುತ್ತದೆ.

ನೋಟಿಸ್ ಬಂದೇ ಬಿಟ್ಟರೆ ಡ್ರಾಯರಿನಲ್ಲಿ ಇಡಬೇಡಿ. ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು ಮಾರಾಟ ಅಲ್ಲದ ಸಾಲುಗಳಿಗೆ ಗುರುತು ಹಾಕಿ, ಅವಕ್ಕೆ ದಾಖಲೆ ಜೋಡಿಸಿ. ತೆರಿಗೆ ಇಲ್ಲದ ಮಾಲಿನ ಖರೀದಿ ಬಿಲ್ಲುಗಳನ್ನು ಬೇರೆ ಕಟ್ಟಿ. ನೋಟಿಸಿನಲ್ಲಿ ಹೇಳಿದ ದಿನದೊಳಗೆ ಲಿಖಿತ ಉತ್ತರ ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ.

ಇಲಾಖೆಗೂ ಒಂದು ಬೇಡಿಕೆ. ಈಗಾಗಲೇ ನೋಂದಣಿ ಇರುವವರು ಬರುವ ಹಣಕಾಸು ವರ್ಷಕ್ಕೆ ಕಾಂಪೊಸಿಷನ್‌ಗೆ ಸೇರಬೇಕಾದರೆ ಮಾರ್ಚ್ 31ರೊಳಗೆ ಸಿಎಂಪಿ-02 ನಮೂನೆ ಸಲ್ಲಿಸಬೇಕು. ಅದಕ್ಕೆ ಮುಂಚೆಯೇ, ಫೆಬ್ರುವರಿಯಲ್ಲಿ, ಬಳ್ಳಾರಿ, ರಾಯಚೂರು, ಗಂಗಾವತಿ ಎಪಿಎಂಸಿ ಆವರಣಗಳಲ್ಲಿ ಅಧಿಕಾರಿಗಳು ಟೇಬಲ್ ಹಾಕಿ, ಕನ್ನಡದಲ್ಲಿ, ವ್ಯಾಪಾರಿಯ ಸ್ಟೇಟ್‌ಮೆಂಟ್ ಮುಂದಿಟ್ಟುಕೊಂಡು ಅವರವರ ಲೆಕ್ಕ ಮಾಡಿ ತೋರಿಸಲಿ. ಮಧ್ಯಾಹ್ನ ವ್ಯಾಪಾರ ತೆಳುವಾದ ಹೊತ್ತಿಗೆ ಇಟ್ಟರೆ ಜನ ಬರುತ್ತಾರೆ.

ಇಂತಿ,
ತೆರಿಗೆ ಲೆಕ್ಕಪತ್ರ ಬರೆಯುವವರು, ಬಳ್ಳಾರಿ