ಹಳದಿ ಹೆಲ್ಮೆಟ್ಟಿನ ಪುಟ್ಟ ರೋಬಾಟ್: ಒಂದು ತಿದ್ದುಪಡಿ, ಒಂದು ಆಕ್ಷೇಪ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ತಮ್ಮ ಪತ್ರಿಕೆಯ ಕಳೆದ ಭಾನುವಾರದ ಪುರವಣಿಯಲ್ಲಿ ಹಳೆಯ ವಿಡಿಯೊ ಗೇಮ್‌ಗಳ ಕುರಿತು ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ಕನ್ನಡದ ದಿನಪತ್ರಿಕೆಯೊಂದು ಈ ವಿಷಯಕ್ಕೆ ಅರ್ಧ ಪುಟ ಕೊಟ್ಟದ್ದು ನನಗೆ ನಿಜವಾಗಿ ಸಂತೋಷ ತಂದಿದೆ. ಆದರೆ ಮೆಗಾ ಮ್ಯಾನ್ ಸರಣಿಯಲ್ಲಿ ಪದೇ ಪದೇ ಎದುರಾಗುವ, ಹಳದಿ ಹೆಲ್ಮೆಟ್ಟಿನೊಳಗೆ ಅಡಗಿ ಕೂರುವ ‘ಮೆಟ್’ ಎಂಬ ಪುಟ್ಟ ರೋಬಾಟ್ ಬಗ್ಗೆ ಅಲ್ಲಿ ಬರೆದಿರುವ ಎರಡು ಮಾತುಗಳನ್ನು ಒಪ್ಪಲಾಗಲಿಲ್ಲ. ಅದು 1988ರಲ್ಲಿ ಸರಣಿಯ ಎರಡನೆಯ ಆಟದೊಂದಿಗೆ ಬಂದಿತು ಎಂಬುದು ಒಂದು. ಇಂತಹ ಶತ್ರುಗಳು ಬಾಸ್, ಅಂದರೆ ಆಟದ ಪ್ರತಿ ಘಟ್ಟದ ಕೊನೆಗೆ ಬರುವ ದೊಡ್ಡ ಎದುರಾಳಿ, ಎದುರಾಗುವ ತನಕ ‘ಜಾಗ ತುಂಬಿಸಲು ಇಟ್ಟ ಗೊಂಬೆಗಳು’ ಎಂಬುದು ಇನ್ನೊಂದು. ಮೊದಲನೆಯದು ಕಣ್ತಪ್ಪಿನಿಂದ ಆದದ್ದು, ತಿದ್ದಿದರೆ ಮುಗಿಯುತ್ತದೆ. ಎರಡನೆಯದು ಆಟಗಳನ್ನು ನೋಡುವ ದೃಷ್ಟಿಗೆ ಸಂಬಂಧಿಸಿದ್ದರಿಂದ ತುಸು ವಿವರವಾಗಿ ಬರೆಯಬೇಕಾಗಿದೆ.

ಕ್ಯಾಪ್‌ಕಾಮ್ ಸಂಸ್ಥೆಯ ಈ ಸರಣಿಯ ಮೊದಲ ಆಟ ಜಪಾನಿನಲ್ಲಿ ‘ರಾಕ್‌ಮ್ಯಾನ್’ ಎಂಬ ಹೆಸರಿನಲ್ಲಿ 1987ರ ಡಿಸೆಂಬರ್ 17ರಂದು ಬಿಡುಗಡೆಯಾಯಿತು. ಅಕಿರಾ ಕಿತಮುರಾ ಅದರ ನಿರ್ದೇಶಕರು. ಚಿತ್ರಗಳಲ್ಲಿ ಕೆಜಿ ಇನಾಫುನೆ ಅವರ ಕೈಯಿತ್ತು. ಡಾಕ್ಟರ್ ಲೈಟ್ ಎಂಬ ವಿಜ್ಞಾನಿ ಜನರ ಉಪಯೋಗಕ್ಕೆಂದು ನಿರ್ಮಿಸಿದ ಆರು ರೋಬಾಟ್‌ಗಳನ್ನು ಡಾಕ್ಟರ್ ವೈಲಿ ತನ್ನ ವಶಕ್ಕೆ ತೆಗೆದುಕೊಂಡು ಲೋಕದ ಮೇಲೆ ಛೂ ಬಿಡುತ್ತಾನೆ. ಆ ಆರರಲ್ಲಿ ಗಟ್ಸ್ ಮ್ಯಾನ್ ಬಂಡೆಗಳನ್ನು ಎತ್ತಿ ಸಾಗಿಸುವ, ಕಟ್ಟಡ ಕೆಲಸಕ್ಕೆ ಮಾಡಿದ ಯಂತ್ರ. ಅವನ ಘಟ್ಟದಲ್ಲಿ, ಹಳಿಯ ಮೇಲೆ ಓಡುತ್ತಾ ಮಧ್ಯೆ ಮಧ್ಯೆ ಕಾಲಡಿಯಿಂದ ಕುಸಿಯುವ ಹಲಗೆಗಳೂ ಗುದ್ದಲಿ ಎಸೆಯುವ ರೋಬಾಟ್‌ಗಳೂ ಇರುವ ಅದೇ ಕಠಿಣ ಜಾಗದಲ್ಲಿ, ಮೆಟ್ ನಮಗೆ ಮೊದಲ ಸಲ ಎದುರಾಗುತ್ತದೆ. ಆದ್ದರಿಂದ ಅದರ ಹುಟ್ಟಿನ ವರ್ಷ 1988 ಅಲ್ಲ, 1987. ಎರಡನೆಯ ಆಟದಲ್ಲಿ ಅದಕ್ಕೆ ಬಂದದ್ದು ಕಾಲುಗಳು. ಲೇಖಕರ ಗೊಂದಲಕ್ಕೆ ಬಹುಶಃ ಇದೇ ಕಾರಣವಿರಬೇಕು.

ಇನ್ನು ಗೊಂಬೆ ಎಂಬ ಮಾತು. ಮೆಟ್ ಮಾಡುವುದಿಷ್ಟೇ: ದೂರದಲ್ಲಿರುವಾಗ ನೆಲಕ್ಕೆ ಬೋರಲು ಹಾಕಿದ ಬಟ್ಟಲಿನಂತೆ ಹೆಲ್ಮೆಟ್ಟಿನೊಳಗೆ ಮುದುಡಿಕೊಂಡಿರುತ್ತದೆ, ನಾವು ಹತ್ತಿರ ಬಂದಾಗ ಹೆಲ್ಮೆಟ್ಟನ್ನು ಎತ್ತಿ ಎರಡು ಕಣ್ಣು ತೋರಿಸುತ್ತದೆ, ಒಂದು ನೇರಕ್ಕೆ, ಒಂದು ಮೇಲಕ್ಕೆ, ಒಂದು ಕೆಳಕ್ಕೆ ಬೀಸಣಿಗೆಯಂತೆ ಹರಡುವ ಮೂರು ಗುಂಡು ಹಾರಿಸಿ ಮತ್ತೆ ಮುಚ್ಚಿಕೊಳ್ಳುತ್ತದೆ. ಹೆಲ್ಮೆಟ್ ಮುಚ್ಚಿರುವಾಗ ನಮ್ಮ ಗುಂಡು ಠಣ್ಣನೆ ಬಡಿದು ಚಿಮ್ಮಿಹೋಗುತ್ತದೆ. ತೆರೆದಿರುವಾಗ ಒಂದೇ ಗುಂಡಿಗೆ ಅದರ ಕಥೆ ಮುಗಿಯುತ್ತದೆ. ಅಂದರೆ ಇದು ಬಲಶಾಲಿಯೂ ಹೌದು, ತೀರಾ ದುರ್ಬಲವೂ ಹೌದು, ಮತ್ತು ಈ ಎರಡರ ನಡುವೆ ಇರುವುದು ಅರೆಗಳಿಗೆ ಮಾತ್ರ. ಆ ಅರೆಗಳಿಗೆಯನ್ನು ಹಿಡಿಯಲು ಆಟಗಾರ ಕಲಿಯಬೇಕು. ಬೇರೆ ಯಾವ ಶತ್ರುವೂ ಇಷ್ಟು ಕಡಿಮೆ ಸಾಮಗ್ರಿಯಿಂದ ತಾಳ್ಮೆಯನ್ನು ಹೀಗೆ ಕಲಿಸಿದ್ದನ್ನು ನಾನು ಕಂಡಿಲ್ಲ.

ಇಲ್ಲಿ ನಾಯಕನ ಮಿತಿಗಳನ್ನೂ ನೆನೆಯಬೇಕು. ಮೊದಲ ಆಟದಲ್ಲಿ ಮೆಗಾ ಮ್ಯಾನ್ ಬಗ್ಗಲಾರ, ಜಾರಲಾರ. ಜಾರುವ ವಿದ್ಯೆ ಬಂದದ್ದು 1990ರ ಮೂರನೆಯ ಆಟದಲ್ಲಿ, ಗುಂಡಿಯನ್ನು ಒತ್ತಿ ಹಿಡಿದು ಹೊಡೆತಕ್ಕೆ ಬಲ ತುಂಬುವ ವಿದ್ಯೆ ಬಂದದ್ದು 1991ರ ನಾಲ್ಕನೆಯ ಆಟದಲ್ಲಿ. ಅವನ ಸಾಮಾನ್ಯ ಬಂದೂಕಿನ ಮೂರು ಗುಂಡುಗಳು ಮಾತ್ರ ಒಂದು ಸಲಕ್ಕೆ ಪರದೆಯ ಮೇಲೆ ಇರಬಲ್ಲವು. ಗುಂಡಿಯನ್ನು ಸುಮ್ಮನೆ ಬಡಿಯುತ್ತಾ ಹೋದವನ ಮೂರೂ ಗುಂಡುಗಳು ಮುಚ್ಚಿದ ಹೆಲ್ಮೆಟ್ಟಿಗೆ ತಗುಲಿ ವ್ಯರ್ಥವಾಗುತ್ತಿರುವಾಗಲೇ ಮೆಟ್ ತನ್ನ ಮೂರು ಗುಂಡುಗಳನ್ನು ಬಿಟ್ಟಿರುತ್ತದೆ. ಅತ್ತ ಮೂರು, ಇತ್ತ ಮೂರು. ಈ ಸಮಬಲ ಬೇಕೆಂದೇ ಇಟ್ಟದ್ದೋ ತಾನಾಗಿ ಒದಗಿದ್ದೋ, ಅಂತೂ ಅಂಗೈಯಗಲದ ಈ ಎದುರಾಳಿಯ ಮುಂದೆ ನಾಯಕನಿಗೆ ಯಾವ ಹೆಚ್ಚುಗಾರಿಕೆಯೂ ಉಳಿಯುವುದಿಲ್ಲ.

ಹತ್ತು ವರ್ಷದ ನನ್ನ ತಂಗಿಯ ಮಗಳು ಈ ಆಟವನ್ನು ಮೊದಲ ಸಲ ಆಡಿದಾಗ ನಾನು ಪಕ್ಕದಲ್ಲೇ ಕುಳಿತಿದ್ದೆ, ಬಾಯಿ ಬಿಡಬಾರದೆಂದು ನಿರ್ಧರಿಸಿದ್ದೆ. ಮೂರು ಸಲ ಅವಳು ನುಗ್ಗಿ ನುಗ್ಗಿ ಪೆಟ್ಟು ತಿಂದಳು. ನಾಲ್ಕನೆಯ ಸಲ ಹೆಲ್ಮೆಟ್ಟಿನ ಮುಂದೆ ನಿಂತು ಗುಂಡಿಯಿಂದ ಬೆರಳು ತೆಗೆದಳು. ಅದು ತೆರೆಯಿತು, ಇವಳು ಹಾರಿದಳು, ಗಾಳಿಯಲ್ಲಿರುವಾಗ ಸುಮ್ಮನಿದ್ದು ಇಳಿಯುತ್ತಲೇ ಹೊಡೆದಳು. ಆಮೇಲೆ ನನ್ನ ಕಡೆ ತಿರುಗಿ, “ಮಾಮ, ಅದು ಕಣ್ಣು ಬಿಡೋವರೆಗೂ ಹೊಡೀಬಾರದು ಅಲ್ವಾ?” ಎಂದಳು. ಪರದೆಯ ಮೇಲೆ ಒಂದು ಅಕ್ಷರದ ಸೂಚನೆಯೂ ಇರಲಿಲ್ಲ. ಅವಳಿಗೆ ಹೇಳಿಕೊಟ್ಟದ್ದು ಆ ರೋಬಾಟೇ. ಹೇಳಿಕೊಡುವ ಇಂತಹ ವಸ್ತುವನ್ನು ಜಾಗ ತುಂಬಿಸುವ ಗೊಂಬೆ ಎಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ.

ಓಡಿ ಹಾರಿ ಮುಂದೆ ಸಾಗುವ ಇಂತಹ ಪ್ಲಾಟ್‌ಫಾರ್ಮ್ ಆಟಗಳಲ್ಲಿ ಹೀಗೆ ಕಲಿಸುವ ಶತ್ರುಗಳು ಬೇರೆಯೂ ಇವೆ. 1985ರ ಸೂಪರ್ ಮಾರಿಯೊ ಬ್ರದರ್ಸ್‌ನ ಗೂಂಬಾ ನಡೆದು ಬಂದು ಹಾರುವುದನ್ನು ಕಲಿಸುತ್ತದೆ. 1991ರ ಸೋನಿಕ್ ಆಟದ ಮೊದಲ ಘಟ್ಟದಲ್ಲಿ ಉರುಳಿ ಬರುವ ಮೋಟೊಬಗ್ ಎಂಬ ಜೀರುಂಡೆ ರೋಬಾಟ್, ಒಡೆದಾಗ ತನ್ನೊಳಗೆ ಸೆರೆಯಾಗಿದ್ದ ಪ್ರಾಣಿಯನ್ನು ಹೊರಬಿಟ್ಟು, ಆಟದ ಕಥೆಯನ್ನೇ ಒಂದು ಕ್ಷಣದಲ್ಲಿ ತಿಳಿಸುತ್ತದೆ. ಆದರೆ ಇವೆರಡನ್ನೂ ಕಂಡ ತಕ್ಷಣ ಎದುರಿಸಬಹುದು. ಕಾಯಲೇಬೇಕು ಎಂದು ಹಟ ಹಿಡಿಯುವುದು ಮೆಟ್ ಒಂದೇ.

ಅದರ ಹೆಲ್ಮೆಟ್ ಬಗ್ಗೆಯೂ ಒಂದು ಮಾತು ಹೇಳಬೇಕು. ಜಪಾನೀಯರು ಹೆಲ್ಮೆಟ್ ಎಂಬ ಪದವನ್ನು ಮೊಟಕುಗೊಳಿಸಿ ‘ಮೆಟ್ಟೊ’ ಎನ್ನುತ್ತಾರೆ. ಈ ರೋಬಾಟ್‌ನ ಹೆಸರು ಅಲ್ಲಿಂದ ಬಂದದ್ದು. ಬೇರೆ ಬೇರೆ ಆಟಗಳಲ್ಲಿ, ಬೇರೆ ಬೇರೆ ಅನುವಾದಗಳಲ್ಲಿ ಅದು ಮೆಟ್ಟೂಲ್, ಮೆಟಾಲ್, ಮೆಟ್ಟೌರ್ ಎಂದೆಲ್ಲ ಆಗಿದೆ. ಹೆಲ್ಮೆಟ್ಟಿನ ಹಣೆಯ ಮೇಲೆ ಚಿತ್ರಿಸುವ ಹಸಿರು ಕೂಡು ಗುರುತು ಜಪಾನಿನ ಕೆಲಸದ ಸ್ಥಳಗಳಲ್ಲಿ ಸುರಕ್ಷತೆಯನ್ನು ಸೂಚಿಸುವ ಚಿಹ್ನೆ; ಅಲ್ಲಿಯ ಕಾರ್ಮಿಕರ ಹೆಲ್ಮೆಟ್ಟುಗಳ ಮೇಲೂ ಅದನ್ನು ಕಾಣಬಹುದು. ಇದನ್ನು ತಿಳಿದು ನೋಡಿದಾಗ ನನಗೆ ಆ ರೋಬಾಟ್ ಬೇರೆಯಾಗಿಯೇ ಕಂಡಿತು. ತಲೆಯ ಮೇಲೆ ಕಲ್ಲು ಬೀಳದಿರಲಿ ಎಂದು ಕೆಲಸಗಾರ ತೊಡುವ ಟೋಪಿಯೇ ಇಲ್ಲಿ ಯುದ್ಧದ ಗುರಾಣಿಯಾಗಿದೆ. ದುಡಿಯಲು ಮಾಡಿದ ಯಂತ್ರಗಳನ್ನು ಆಯುಧಗಳಾಗಿ ತಿರುಗಿಸಿದ ಕಥೆಯನ್ನು ಪೀಠಿಕೆಯ ವಾಕ್ಯಗಳಿಗಿಂತ ಸ್ಪಷ್ಟವಾಗಿ ಈ ಟೋಪಿ ಹೇಳುತ್ತದೆ ಎಂದು ನಾನು ನಂಬುತ್ತೇನೆ.

ಈ ಆಟ ಓಡುತ್ತಿದ್ದ, ನಿಂಟೆಂಡೊ ಸಂಸ್ಥೆಯ ಅಂದಿನ ಫ್ಯಾಮಿಕಾಮ್ ಗೇಮ್ ಯಂತ್ರದ ಇಕ್ಕಟ್ಟನ್ನು ಬಲ್ಲವರಿಗೆ ಈ ಮಿತವ್ಯಯದ ಬೆಲೆ ಇನ್ನಷ್ಟು ತಿಳಿಯುತ್ತದೆ. ಪರದೆಗೆ ಅಡ್ಡಕ್ಕೆ 256, ಉದ್ದಕ್ಕೆ 240 ಚುಕ್ಕಿಗಳು. ಚಲಿಸುವ ಚಿತ್ರದ ತುಣುಕುಗಳು ಒಟ್ಟು 64, ಒಂದೇ ಅಡ್ಡಗೆರೆಯಲ್ಲಿ 8ಕ್ಕಿಂತ ಹೆಚ್ಚು ಬಂದರೆ ಉಳಿದವು ಕಾಣಿಸುವುದಿಲ್ಲ. ಒಂದೊಂದು ತುಣುಕಿಗೆ ಮೂರೇ ಬಣ್ಣ. ಇಷ್ಟರೊಳಗೆ ನಾಯಕ, ಅವನ ಗುಂಡು, ಶತ್ರು, ಶತ್ರುವಿನ ಗುಂಡು ಎಲ್ಲವೂ ಹಿಡಿಸಬೇಕು. ನೆಲಕ್ಕಂಟಿ ಕೂತ, ಮುಚ್ಚುವುದು ಮತ್ತು ತೆರೆಯುವುದು ಮಾತ್ರವೇ ಬಾಳಾಗಿರುವ ಒಂದು ಪುಟ್ಟ ಗುಮ್ಮಟ ಆ ಇಕ್ಕಟ್ಟಿಗೆ ಎಷ್ಟು ಚೆನ್ನಾಗಿ ಹೊಂದಿಕೊಂಡಿತ್ತೆಂದರೆ, ಇಕ್ಕಟ್ಟು ಹೋದ ಮೇಲೂ ಅದು ಉಳಿಯಿತು.

ಉಳಿದದ್ದಷ್ಟೇ ಅಲ್ಲ, ಬೆಳೆಯಿತು. ಎರಡನೆಯ ಆಟದಲ್ಲಿ ಗುಂಡು ಹಾರಿಸಿದ ಮೇಲೆ ಮೋಟು ಕಾಲುಗಳ ಮೇಲೆ ಎದ್ದು ಓಡತೊಡಗಿತು. ಹಿಂದಿನ ಆಟದಲ್ಲಿ ಅದು ಕೂತಲ್ಲೇ ಕೂರುತ್ತದೆ ಎಂದು ಕಲಿತವರ ಲೆಕ್ಕ ಆಗ ತಲೆಕೆಳಗಾಯಿತು. ಆದರೆ ಮೂಲ ನಿಯಮ, ಅಂದರೆ ಹೆಲ್ಮೆಟ್ ಎತ್ತಿದಾಗ ಮಾತ್ರ ಪೆಟ್ಟು ತಗಲುತ್ತದೆ ಎಂಬುದು, ಹಾಗೆಯೇ ಇತ್ತು. ಮೂರನೆಯದರಲ್ಲಿ ತಲೆಯ ಮೇಲೆ ಪಂಕ ತಿರುಗಿಸುತ್ತಾ ಹಾರುವ ಮೆಟ್ ಬಂದಿತು, ನಾಲ್ಕನೆಯದರಲ್ಲಿ ನೀರಿನಲ್ಲಿ ಈಜುವುದು. ಹಳೆಯ ಪರಿಚಯವನ್ನು ಕೆಡಿಸದೆ ಹೊಸ ಪ್ರಶ್ನೆಯೊಂದನ್ನು ಮಾತ್ರ ಸೇರಿಸುವ ಈ ಕ್ರಮ ನನಗೆ ಬಹಳ ಹಿಡಿಸಿದೆ. ಅದೇ ರಾಗಕ್ಕೆ ಹೊಸ ಸಂಗತಿ ಹಾಕಿದಾಗ ಕೇಳುಗನಿಗೆ ಆಗುವಂಥ ಸುಖ ಅದು: ಗುರುತೂ ಸಿಗುತ್ತದೆ, ಬೆರಗೂ ಆಗುತ್ತದೆ.

1993ರಲ್ಲಿ ಶುರುವಾದ ‘ಮೆಗಾ ಮ್ಯಾನ್ ಎಕ್ಸ್’ ಎಂಬ ಉಪಸರಣಿಗೂ ಅದು ಕಾಲಿಟ್ಟಿತು. ಆದರೆ ನನ್ನ ಮಟ್ಟಿಗೆ ಅದರ ಅತ್ಯಂತ ಚೆಲುವಾದ ಮರುಹುಟ್ಟು 2001ರ ಬ್ಯಾಟಲ್ ನೆಟ್‌ವರ್ಕ್ ಆಟದ್ದು. ಅದು ಓಡಿ ಹಾರುವ ಆಟವಲ್ಲ. ಚೌಕಗಳ ಮೇಲೆ ನಿಂತು ಕಾದಾಡುವ, ಕಂಪ್ಯೂಟರ್ ಜಾಲದೊಳಗೆ ನಡೆಯುವ ಆಟ. ಅಲ್ಲಿ ಮೆಟ್ ಒಂದು ವೈರಸ್. ಕೈಯಲ್ಲಿ ಗುದ್ದಲಿ ಹಿಡಿದು ನೆಲಕ್ಕೆ ಬಡಿಯುತ್ತದೆ, ಆ ಪೆಟ್ಟಿಗೆ ನೆಲದ ಅಲೆಯೊಂದು ಸಾಲಿನುದ್ದಕ್ಕೂ ಸಾಗಿ ಬರುತ್ತದೆ. ಅಲ್ಲಿಯೂ ಹೊಸಬರಿಗೆ ಮೊದಲು ಎದುರಾಗುವ ಶತ್ರು ಇದೇ, ಮತ್ತು ಮೊದಲು ಕಲಿಸುವುದು ಕಾಲದ ಲೆಕ್ಕವನ್ನೇ. ಆಟದ ಜಾತಿಯೇ ಬದಲಾದಾಗಲೂ ಅದರ ಕೈಗೆ ಗಣಿ ಕೆಲಸದ ಹತಾರವನ್ನೇ ಕೊಟ್ಟವರು ಅದು ಎಲ್ಲಿಂದ ಬಂದದ್ದೆಂದು ಮರೆತಿರಲಿಲ್ಲ.

2018ರಲ್ಲಿ ಬಂದ ಹನ್ನೊಂದನೆಯ ಆಟದಲ್ಲಿ ನಾಯಕನಿಗೆ ಸುತ್ತಲಿನ ಕಾಲವನ್ನೇ ನಿಧಾನಗೊಳಿಸುವ ಶಕ್ತಿಯಿದೆ. ಚಿತ್ರಗಳು ನುಣುಪಾಗಿವೆ, ಬಣ್ಣಗಳಿಗೆ ಲೆಕ್ಕವಿಲ್ಲ. ಆದರೂ ಹಳದಿ ಹೆಲ್ಮೆಟ್ ಅಲ್ಲೂ ಇದೆ, ಅದರ ಕೆಳಗೆ ಅದೇ ಎರಡು ಕಣ್ಣುಗಳಿವೆ. ಮೂವತ್ತು ವರ್ಷ ದಾಟಿ ಬಂದ ಈ ನಿರ್ಮಿತಿಯನ್ನು ಒಂದು ವಾಕ್ಯದಲ್ಲಿ ತಳ್ಳಿಹಾಕುವ ಬದಲು, ನಾಟಕದ ಚಿಕ್ಕ ಪಾತ್ರವೊಂದು ರಂಗದ ಮೇಲೆ ಏನು ಮಾಡಿತು ಎಂದು ವಿಮರ್ಶಕರು ಕೇಳುವಂತೆಯೇ, ಅದು ಆಟದಲ್ಲಿ ಏನು ಮಾಡುತ್ತಿದೆ ಎಂದು ಲೇಖಕರು ಕೇಳಿಕೊಂಡಿದ್ದರೆ ಚೆನ್ನಾಗಿತ್ತು. ಚಿತ್ರ ಎಷ್ಟು ಒರಟು, ಸಂಗೀತ ಎಷ್ಟು ಹಳತು ಎಂಬುದನ್ನು ಅವರು ವಿವರವಾಗಿ ಬರೆದಿದ್ದಾರೆ. ಆಟಗಾರನ ಕೈ ಏನು ಮಾಡುತ್ತದೆ, ಏಕೆ ತಡೆಯುತ್ತದೆ ಎಂಬುದರ ಬಗ್ಗೆ ಒಂದು ಸಾಲೂ ಇಲ್ಲ. ಅದೇ ಲೇಖನದ ಕೊನೆಯಲ್ಲಿ ಈ ಬರಹ ಸರಣಿಯಾಗಿ ಮುಂದುವರಿಯಲಿದೆ ಎಂದಿದೆ. ಮುಂದಿನ ಕಂತುಗಳಲ್ಲಿ ಅವರು ಈ ಕಡೆಗೂ ಗಮನ ಕೊಡಬೇಕೆಂದು ವಿನಂತಿಸುತ್ತೇನೆ.

ಸದ್ಯಕ್ಕೆ, ಮೆಟ್ ಮೊದಲು ಕಾಣಿಸಿಕೊಂಡದ್ದು 1987ರ ಮೊದಲ ಆಟದಲ್ಲಿ, ಗಟ್ಸ್ ಮ್ಯಾನ್‌ನ ಘಟ್ಟದಲ್ಲಿ ಎಂಬ ತಿದ್ದುಪಡಿಯನ್ನು ಬರುವ ಭಾನುವಾರದ ಪುರವಣಿಯಲ್ಲಿ ಪ್ರಕಟಿಸಬೇಕಾಗಿ ಕೋರುತ್ತೇನೆ.

ಇತಿ,
ತಮ್ಮ ಬಹುಕಾಲದ ಓದುಗ