ಹಳೇ ಹಾಸ್ಯವನ್ನು ಜೊತೆಯಲ್ಲಿ ಕೂತು ನೋಡಿ

ಮಾನ್ಯ ಸಂಪಾದಕರೇ,

ಸ್ಟೇಜಿನಿಂದ ಸಿನಿಮಾಕ್ಕೆ ಬಂದ ಹಳೇ ಹಾಸ್ಯಕ್ಕೆ ಈಗ ಯಾರೂ ನಗುವುದಿಲ್ಲ, ವಯಸ್ಸಾದವರು ಹಳೇ ನೆನಪಿಗೆ ನಗುತ್ತಾರೆ ಅಷ್ಟೇ ಎಂದು ನಿಮ್ಮ ಭಾನುವಾರದ ಪುರವಣಿಯಲ್ಲಿ ಒಬ್ಬರು ಬರೆದಿದ್ದರು. ನಾನು ಇದನ್ನು ಒಪ್ಪುವುದಿಲ್ಲ. ಮುಂಬಯಿಯ ಹವ್ಯಾಸಿ ಕನ್ನಡ ನಾಟಕಗಳಿಗೆ ಬಹಳ ಕಾಲದಿಂದ ಪ್ರಾಂಪ್ಟರ್ ಆಗಿದ್ದೇನೆ, ಅಂದರೆ ನಟರು ಮಾತು ಮರೆತರೆ ಮರೆಯಿಂದ ನೆನಪಿಸುವವನು. ಜನ ಎಲ್ಲಿ ನಗುತ್ತಾರೆ, ಎಷ್ಟು ಹೊತ್ತು ನಗುತ್ತಾರೆ ಎಂದು ಸೈಡ್‌ವಿಂಗ್‌ನಲ್ಲಿ ಕೂತು ಕಿವಿಗೊಡುವುದು ನನ್ನ ಕೆಲಸ.

ಅಮೆರಿಕದಲ್ಲಿ ವಾಡ್‌ವಿಲ್ ಎಂಬ ಆಟವಿತ್ತು. ಒಂದೇ ಟಿಕೆಟ್ಟಿಗೆ ಹಾಡು, ಕುಣಿತ, ಜಾದೂ, ಕಸರತ್ತು, ನಗೆ ತುಣುಕು, ಎಲ್ಲ ಒಂದಾದ ಮೇಲೊಂದು. ಮುಂದೆ ಮೂಕಿ ಚಿತ್ರಗಳ ಹಾಸ್ಯನಟನಾದ ಬಸ್ಟರ್ ಕೀಟನ್ ಚಿಕ್ಕ ಹುಡುಗನಾಗಿದ್ದಾಗಲೇ ಅಪ್ಪ ಅವನನ್ನು ಆ ಸ್ಟೇಜಿನ ಮೇಲೆ ಎತ್ತಿ ಎಸೆಯುತ್ತಿದ್ದ. ಗ್ರೌಚೊ, ಹಾರ್ಪೊ ಮೊದಲಾದ ಅಣ್ಣತಮ್ಮಂದಿರ ಹಾಸ್ಯ ತಂಡ ಮಾರ್ಕ್ಸ್ ಸಹೋದರರು ಬಂದಿದ್ದೂ ಅಲ್ಲಿಂದಲೇ. ನಮ್ಮಲ್ಲೂ ಹಾಗೇ ಅಲ್ವಾ? ನರಸಿಂಹರಾಜು 1954ರ ‘ಬೇಡರ ಕಣ್ಣಪ್ಪ’ಕ್ಕೆ ಬರುವ ಮೊದಲೇ ಕಂಪನಿ ನಾಟಕಗಳಲ್ಲಿ ಪಳಗಿದ್ದರು. ಬಾಲಕೃಷ್ಣ ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಎದುರಿನವರ ತುಟಿ ನೋಡಿಕೊಂಡು ತಮ್ಮ ಮಾತು ಎತ್ತಿಕೊಳ್ಳುತ್ತಿದ್ದರು. ಆದರೂ ತೆರೆಯ ಮೇಲೆ ಅವರ ಮಾತು ಒಂದು ಚೂರು ತಡವಾಯಿತು ಎಂದು ನನಗೆ ಎಂದೂ ಅನ್ನಿಸಿಲ್ಲ. ಪ್ರಾಂಪ್ಟರ್ ಆದವನಿಗೆ ಇದು ಮೈ ಜುಂ ಎನ್ನಿಸುವ ಸಂಗತಿ.

ಈ ಹಾಸ್ಯದ ಜೀವ ಇರುವುದು ನಡುವೆ ಬಿಡುವ ಜಾಗದಲ್ಲಿ. ನಗು ಬರುವ ಕಡೆ ನನ್ನ ಪ್ರತಿಯಲ್ಲಿ ಪೆನ್ಸಿಲ್‌ನಿಂದ ಗೆರೆ ಎಳೆದಿರುತ್ತೇನೆ. ಅಲ್ಲಿ ನಟ ಕಾಯಬೇಕು. ಅವಸರಪಟ್ಟು ಮುಂದಿನ ಮಾತು ಆಡಿದರೆ ಅದೂ ಕೇಳಿಸದು, ಬಂದ ನಗುವೂ ಅರ್ಧಕ್ಕೇ ನಿಲ್ಲುತ್ತದೆ. ಮಾಟುಂಗದಲ್ಲಿ ಜನ ಜಾಸ್ತಿ ನಕ್ಕರೆ ಸ್ಟೇಜಿನ ನಟ ಜಾಸ್ತಿ ಕಾಯುತ್ತಾನೆ. ತೆರೆಯ ಮೇಲಿನ ನಟ ಹೇಗೆ ಕಾದಾನು? ಅದಕ್ಕೇ ಮಾರ್ಕ್ಸ್ ಸಹೋದರರು 1935ರ ‘ಎ ನೈಟ್ ಅಟ್ ದಿ ಆಪೆರಾ’ದ ನಗೆ ದೃಶ್ಯಗಳನ್ನು ಮೊದಲು ಊರೂರಿಗೆ ಹೋಗಿ ಸ್ಟೇಜಿನ ಮೇಲೆ ಆಡಿ ನೋಡಿದರು. ಯಾವ ಮಾತಿಗೆ ಎಷ್ಟು ಹೊತ್ತು ನಗು ಎಂದು ಅಳೆದುಕೊಂಡು, ಅಷ್ಟು ಜಾಗ ಬಿಟ್ಟು ಚಿತ್ರ ತೆಗೆದರು. ಆ ಜಾಗವನ್ನು ನಗುವಿನಿಂದ ತುಂಬಬೇಕಾದವರು ನಾವು. ಲೋಕಲ್ ಟ್ರೈನಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಒಬ್ಬರೇ ನೋಡಿದರೆ ‘ಎಷ್ಟು ನಿಧಾನ’ ಅನ್ನಿಸದೆ ಇನ್ನೇನಾಗುತ್ತದೆ?

ಈ ಮಳೆಗಾಲದಲ್ಲಿ ಒಂದು ದಿನ ಟ್ರೈನ್ ನಿಂತು ಡೊಂಬಿವಲಿಯ ತಾಲೀಮಿಗೆ ಅರ್ಧ ಜನ ಬರಲಿಲ್ಲ. ಬಂದಿದ್ದ ಮಕ್ಕಳಿಗೆ ಪ್ರೊಜೆಕ್ಟರ್ ಹಾಕಿ ಮಾರ್ಕ್ಸ್ ಸಹೋದರರ 1933ರ ಚಿತ್ರ ‘ಡಕ್ ಸೂಪ್’ನ ಕನ್ನಡಿ ದೃಶ್ಯ ತೋರಿಸಿದೆವು. ಹಾರ್ಪೊ ಕನ್ನಡಿ ಒಡೆದುಬಿಟ್ಟಿದ್ದಾನೆ. ಗ್ರೌಚೊನ ಹಾಗೆಯೇ ನೈಟ್‌ಶರ್ಟು, ಟೋಪಿ, ಮೀಸೆ ಹಾಕಿಕೊಂಡು ಕನ್ನಡಿ ಇದ್ದ ಜಾಗದಲ್ಲಿ ಪ್ರತಿಬಿಂಬದಂತೆ ನಿಲ್ಲುತ್ತಾನೆ. ಮಾತಿಲ್ಲ, ಸಂಗೀತವೂ ಇಲ್ಲ. ಗ್ರೌಚೊ ಗಿರ್ರನೆ ಸುತ್ತುತ್ತಾನೆ. ಹಾರ್ಪೊ ಸುತ್ತುವುದೇ ಇಲ್ಲ, ಸುಮ್ನೆ ನಿಂತಿದ್ದು ಕೊನೆಯಲ್ಲಿ ಅದೇ ಭಂಗಿಗೆ ಬರುತ್ತಾನೆ. ಆಮೇಲೆ ಹಾರ್ಪೊನ ಹ್ಯಾಟು ಕೆಳಗೆ ಬಿದ್ದರೆ ಗ್ರೌಚೊನೇ ಎತ್ತಿಕೊಡುತ್ತಾನೆ! ಅಲ್ಲಿಯವರೆಗೆ ಮೊಬೈಲ್ ನೋಡುತ್ತಿದ್ದ ಹುಡುಗನೊಬ್ಬ ‘ಅವನಿಗೆ ಗೊತ್ತಾಯ್ತು’ ಎಂದು ಮರಾಠಿಯಲ್ಲಿ ಕೂಗಿದ. ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. ಅವರಿಗೆ ಯಾವ ಹಳೇ ನೆನಪು ಇತ್ತು, ಹೇಳಿ?

ಹಳೆಯದೆಲ್ಲ ಚಿನ್ನ ಎಂದು ನಾನು ಹೇಳುತ್ತಿಲ್ಲ. ಮುಖಕ್ಕೆ ಮಸಿ ಬಳಿದುಕೊಂಡು ಕರಿಯರನ್ನು ಅಣಕಿಸುವುದು, ತೊದಲುವವರನ್ನು, ಕುಳ್ಳಗಿರುವವರನ್ನು ಆಡಿಕೊಳ್ಳುವುದು ನನಗೆ ಬೇಡ. ಮಾರ್ಕ್ಸ್ ಚಿತ್ರಗಳ ಪ್ರೇಮಗೀತೆಗಳೂ ಎಳೆದಾಡುತ್ತವೆ.

ಮುಂಬಯಿಯ ಕನ್ನಡ ಸಂಘಗಳಲ್ಲಿ ನನ್ನದೊಂದು ವಿನಂತಿ. ನವೆಂಬರ್‌ನ ರಾಜ್ಯೋತ್ಸವದಲ್ಲಿ ಭಾಷಣಗಳನ್ನು ಸ್ವಲ್ಪ ಕಡಿಮೆ ಮಾಡಿ, ದೀಪ ಆರಿಸಿ, ನರಸಿಂಹರಾಜು ಮತ್ತು ಬಾಲಕೃಷ್ಣ ಅವರ ದೃಶ್ಯಗಳನ್ನು ಅರ್ಧ ಗಂಟೆ ದೊಡ್ಡ ಪರದೆಯ ಮೇಲೆ ತೋರಿಸಿ. ಪ್ರೊಜೆಕ್ಟರ್ ಇಲ್ಲದ ಸಂಘಕ್ಕೆ ನಮ್ಮ ತಂಡದ್ದನ್ನು ತಂದು ಕೊಡುತ್ತೇವೆ. ಪುರವಣಿಯಲ್ಲಿ ಬರೆದವರೂ ಖಂಡಿತ ಬರಲಿ. ಅವರಿಗೆ ಅತಿಥಿಗಳ ಸಾಲು ಬೇಡ, ಮಕ್ಕಳ ಮಧ್ಯೆ ಒಂದು ಕುರ್ಚಿ ಹಾಕಿಸಿ.

ನಿಮ್ಮ ಓದುಗ,
ಡೊಂಬಿವಲಿ ಪೂರ್ವ